ಹೊಸ ಬಕೀಟಿಗೆ ಹಾಲು

ನನ್ನ ಮೊಮ್ಮಗಳು ಅಂಜಲಿ ಕಾಲೇಜಿನಲ್ಲಿ ಎರಡು ಓದು ಒಟ್ಟಿಗೆ ಓದಿದವಳು. ಒಂದು ಮೆಟೀರಿಯಲ್ಸ್ ಅಂತೆ, ಇನ್ನೊಂದು ಕೆಮಿಕಲ್ ಅಂತೆ. ಎರಡೂ ಇಂಜಿನಿಯರಿಂಗೇ. ನಳದ ಹತ್ತಿರ ಓಣಿಯ ಹೆಂಗಸರು ಕೇಳುತ್ತಿದ್ದರು, "ತಾಯಕ್ಕ, ನಿನ್ನ ಮೊಮ್ಮಗಳು ಏನು ಓದಾಕತ್ಯಾಳ?" ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆ ಹೆಸರುಗಳಿಗೆ ನನ್ನ ನಾಲಿಗೆ ತಿರುಗುತ್ತಿರಲಿಲ್ಲ. ಅಂಜಲಿಯನ್ನೇ ಕೇಳಿದೆ. ಆಕೆ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಗಡಿಗೆ ತೋರಿಸಿದಳು.

"ಅಜ್ಜಿ, ಈ ಗಡಿಗಿ ಯಾವ ಮಣ್ಣಿಂದು, ಎಷ್ಟು ಬೆಂಕಿ ತಡೀತೈತಿ, ಯಾವಾಗ ಒಡೀತೈತಿ ಅನ್ನೋದು ಒಂದು ಓದು. ಒಳಗ ಕುದಿಯೋ ಸಾರು ಏನಾಗ್ತೈತಿ, ಅದು ಗಡಿಗಿಗೆ ಏನು ಮಾಡ್ತೈತಿ ಅನ್ನೋದು ಇನ್ನೊಂದು ಓದು."

"ಎರಡೂ ಒಬ್ಬಾಕೀನ ಓದಬೇಕೇನು? ಒಂದು ಸಾಲದೇನು?"

"ಅಪ್ಪಂದು ಎರಡರ ನಡುವೆ ಆಗಿದ್ದು, ಅಜ್ಜಿ."

ಸಾರು ಉಕ್ಕಿ ಒಲೆಗೆ ಚೆಲ್ಲಿತು, ಇಬ್ಬರೂ ಅದನ್ನು ನೋಡುತ್ತ ಕೂತೆವು.

ಅವಳಪ್ಪ ಹೊನ್ನೂರಪ್ಪ ನನ್ನ ಒಬ್ಬನೇ ಮಗ. ನಮ್ಮದು ಹೊಸಪೇಟೆಯಿಂದ ಹಂಪಿಗೆ ಹೋಗುವ ಕಡೆಯ ಓಣಿ. ಮನೆ ಹಿಂದೆ ಕಾಲುವೆ, ಕಾಲುವೆಯ ಆಚೆ ಬಾಳೆ ತೋಟ. ನನ್ನ ಯಜಮಾನರು ತೀರಿಕೊಂಡಾಗ ಹೊನ್ನೂರ ಇನ್ನೂ ಮೀಸೆ ಬಾರದ ಹುಡುಗ. ಹಂಪಿಯಲ್ಲಿ ಬಿದ್ದ ಮಂಟಪಗಳನ್ನು ಎತ್ತಿ ನಿಲ್ಲಿಸುವ ಕೆಲಸ ನಡೆದಿತ್ತು, ನಾನು ಅಲ್ಲಿ ಗಾರೆ ಹೊರಲು ಹೋದೆ. ಅವನು ರೈಲ್ವೆ ಗೇಟಿನ ಆಚೆಗಿದ್ದ ಒಂದು ಫೌಂಡ್ರಿಗೆ ಹೋದ. ತೋರಣಗಲ್ಲಿನ ಫ್ಯಾಕ್ಟರಿಯಂಥ ದೊಡ್ಡದಲ್ಲ. ತಗಡಿನ ಮಾಡು, ಒಂದು ಭಟ್ಟಿ, ಏಳೆಂಟು ಮಂದಿ. ಕಂಪ್ಲಿ ಸೀಮೆಯ ಕಬ್ಬಿನ ಗಾಣಗಳಿಗೆ ಬೇಕಾದ ಉರುಳೆ, ಹಲ್ಲಿನ ಚಕ್ರ ಅಲ್ಲಿ ಎರಕ ಹೊಯ್ಯುತ್ತಿದ್ದರು.

ಭಟ್ಟಿಯಲ್ಲಿ ಕರಗಿದ ಕಬ್ಬಿಣವನ್ನು ದೊಡ್ಡದೊಂದು ಬಕೀಟಿಗೆ ಇಳಿಸಿಕೊಳ್ಳಬೇಕು. ಬಕೀಟಿನ ಎರಡೂ ಕಡೆ ಉದ್ದ ಹಿಡಿಕೆ. ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡಿದು ಹೊತ್ತೊಯ್ದು ಅಚ್ಚಿಗೆ ಹೊಯ್ಯಬೇಕು. ಬಕೀಟು ಸುಟ್ಟು ಹೋಗಬಾರದೆಂದು ಒಳಗೆಲ್ಲ ಬೆಂಕಿ ತಡೆಯುವ ಮಣ್ಣು ಮೆತ್ತಿರುತ್ತಾರೆ. ಒಂದು ಹಿಡಿಕೆ ನನ್ನ ಮಗನದು, ಇನ್ನೊಂದು ಗವಿಸಿದ್ದಪ್ಪನದು. ಒಬ್ಬನ ಬುತ್ತಿ ಇನ್ನೊಬ್ಬ ಉಣ್ಣುವಷ್ಟು ಸಲುಗೆ ಇಬ್ಬರಿಗೂ. ಗವಿಸಿದ್ದಪ್ಪ ಬಾಗಿಲಲ್ಲೇ ನಿಂತು, "ಲೇ ಹೊನ್ನೂರ, ನಿಮ್ಮವ್ವ ಮಾಡಿದ ಚಟ್ನಿ ತರಲಿಲ್ಲಂದ್ರ ಬಕೀಟು ನೀನೊಬ್ನ ಹೊತ್ಕೊ," ಅಂತ ಕೂಗುತ್ತಿದ್ದ. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಬಕೀಟಿನ ಮಣ್ಣು ಸವೆದಾಗ ಹೊಸದಾಗಿ ಮೆತ್ತುತ್ತಿದ್ದರು. ಅದಕ್ಕೊಂದು ಪದ್ಧತಿ ಇತ್ತು. ಹೊಸ ಒಲೆ ಹೂಡಿದರೆ ಮೊದಲು ಹಾಲು ಉಕ್ಕಿಸುತ್ತೇವಲ್ಲ, ಹಾಗೆಯೇ ಹೊಸದಾಗಿ ಮೆತ್ತಿದ ಬಕೀಟಿಗೂ ಮೊದಲು ಹಾಲು ಎರೆಯಬೇಕು. ಹಸಿ ಮಣ್ಣಿಗೆ ಹಾಲೆರೆದು, ಅರಿಶಿನ ಕುಂಕುಮ ಇಟ್ಟು, ಆಮೇಲೆ ಒಳಗೆ ಇದ್ದಿಲು ಬೆಂಕಿ ಹಾಕಿ ಒಣಗಿಸುವುದು. ಪೂರಾ ಒಣಗಿದ ಮೇಲೆಯೇ ಕಬ್ಬಿಣ ಇಳಿಸುವುದು. ಹಾಲು ಯಾವಾಗಲೂ ನಮ್ಮ ಮನೆಯಿಂದ. ಅಷ್ಟು ಮಂದಿಯಲ್ಲಿ ಎಮ್ಮೆ ಇದ್ದದ್ದು ನಮಗೊಬ್ಬರಿಗೇ.

ಆವತ್ತು ಬಕೀಟಿಗೆ ಹೊಸ ಮಣ್ಣು ಮೆತ್ತಿದ್ದರು, ಶಾಲೆಗೆ ರಜೆ. ಅಂಜಲಿ ಆಗ ಐದನೇ ಕ್ಲಾಸು. ನನ್ನ ಸೊಸೆ ಸುಂಕಮ್ಮ ಹಿತ್ತಾಳೆ ಚೊಂಬಿಗೆ ಹಾಲು ಹಾಕಿ, ಮೇಲೆ ಬಾಳೆ ಎಲೆ ಮುಚ್ಚಿ ದಾರ ಕಟ್ಟಿ ಮಗಳ ಕೈಗೆ ಕೊಟ್ಟಳು. "ಚೆಲ್ಲಬ್ಯಾಡ, ನಿಂತು ಆಡಬ್ಯಾಡ, ಜಲ್ದಿ ಹೋಗು." ಹುಡುಗಿ ಓಡಿದಳು. ಅವಳು ಮುಟ್ಟುವುದರೊಳಗೆ ಗೇಟು ಬಿತ್ತು. ಸಂಡೂರು ಕಡೆಯಿಂದ ಅದಿರು ತುಂಬಿದ ಗೂಡ್ಸು ಬಂದು, ದಾರಿಗೆ ಅಡ್ಡಲಾಗಿ ನಿಂತುಬಿಟ್ಟಿತು. ದೊಡ್ಡವರು, ಸಣ್ಣವರು ಎಲ್ಲರೂ ಡಬ್ಬಿಗಳ ಕೆಳಗೆ ನುಸುಳಿ ಆಚೆ ಹೋದರು. ಅಂಜಲಿ ಹೋಗಲಿಲ್ಲ. "ಗೂಡ್ಸಿನ ಕೆಳಗ ನುಸುಳಿದಿ ಅಂದ್ರ ಕಾಲು ಮುರೀತೀನಿ" ಅಂತ ಅವಳಪ್ಪನೇ ಹೆದರಿಸಿ ಇಟ್ಟಿದ್ದ. ಚೊಂಬು ಎದೆಗವಚಿ ಬಿಸಿಲಲ್ಲಿ ನಿಂತೇ ಇದ್ದಳು. ಬಹಳ ಹೊತ್ತಿನ ಮೇಲೆ ಗಾಡಿ ಸರಿಯಿತು, ಹೋಗಿ ಅಪ್ಪನಿಗೆ ಹಾಲು ಕೊಟ್ಟಳು, ತಿರುಗಿ ಹೊರಟಳು. ಗೇಟಿಗೆ ಬರುವಷ್ಟರಲ್ಲಿ ಹಿಂದಿನಿಂದ ಸದ್ದು ಕೇಳಿಸಿತು. ಅದು ನಮ್ಮ ಮನೆಗೂ ಕೇಳಿಸಿತು. ಎಮ್ಮೆ ಗೂಟ ಕಿತ್ತುಕೊಂಡು ಓಡಿತು.

ಬಕೀಟಿನಲ್ಲಿದ್ದ ಕಬ್ಬಿಣ ಎದ್ದು ನನ್ನ ಮಗನ ಮೇಲೆ ಬಿದ್ದಿತ್ತು. ಸಂಜೆಗೆ ಹೋದ. ಅವನನ್ನು ನೋಡಬೇಡಿ ಅಂದರು. ನಾನು ಹೆತ್ತವಳು, ನೋಡಿದೆ. ಅದನ್ನು ಬರೆಯಲಾರೆ.

ಬಕೀಟಿನ ಹತ್ತಿರ ಇದ್ದವರು ಇಬ್ಬರೇ. ಗವಿಸಿದ್ದಪ್ಪ ಉಳಿದ, ಎರಡೂ ಕಿವಿ ಕೇಳಿಸದಾದವು. ವಿಚಾರಣೆಗೆ ಬಂದವರು ದವಾಖಾನೆಯಲ್ಲಿ ಅವನನ್ನು ಏನಾಯಿತೆಂದು ಕೇಳಿದರು, ಕಿವಿಗೆ ಬಾಯಿಟ್ಟು ಕೂಗಿದರು. ಅವನು ಎಲ್ಲರ ಮುಂದೆ ಹೇಳಿದ: "ಹೊನ್ನೂರ ಬೆಳಿಗ್ಗೇನ ಒಂದೀಟು ಹಾಕ್ಕೊಂಡು ಬಂದಿದ್ದ. ಕೈ ನಡುಗಿತು. ಬಕೀಟು ವಾಲಿತು."

ನನ್ನ ಮಗ ಹಬ್ಬದಲ್ಲೂ ಹೆಂಡ ಬಾಯಿಗೆ ಹಾಕಿದವನಲ್ಲ. ಅದು ಗವಿಸಿದ್ದಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಂಕಮ್ಮ ಅವನ ಮನೆ ಮುಂದೆ ಹೋಗಿ, ತಲೆಗೂದಲು ಬಿಚ್ಚಿಕೊಂಡು, ಬಾಗಿಲಿಗೆ ಹಿಡಿ ಮಣ್ಣು ತೂರಿ ಬಂದಳು. ಅವನು ಒಳಗಿನಿಂದ ಹೊರಗೆ ಬರಲಿಲ್ಲ. ಆಮೇಲೆ ಓಣಿಯಲ್ಲಿ ಯಾವ ಜಗಳ ಆದರೂ, ಕೊಡ ಮುಂದಿಟ್ಟರೆ, ಕಸ ಅತ್ತ ತಳ್ಳಿದರೆ, ಒಂದೇ ಮಾತು ನಮ್ಮ ಮುಖಕ್ಕೆ: "ಕುಡುಕನ ಹೆಂಡ್ತಿಗೆ ಎಷ್ಟು ಸೊಕ್ಕು ನೋಡ್ರಿ." ಸುಂಕಮ್ಮ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಬಾಳೆ ತೋಟ, ಮನೆ, ಇಷ್ಟೇ ಅವಳ ಊರು.

ಅಂಜಲಿ ಮಾತು ಕಡಿಮೆ ಮಾಡಿದಳು, ಓದು ಜಾಸ್ತಿ ಮಾಡಿದಳು. ಪಿಯುಸಿಯಲ್ಲಿ ಒಬ್ಬ ಮೇಷ್ಟ್ರನ್ನು ಕೇಳಿದಳಂತೆ, ಕರಗಿದ ಕಬ್ಬಿಣ ಬಕೀಟಿನಿಂದ ತಾನಾಗಿ ಏಳುತ್ತದೇನು ಸರ್ ಅಂತ. ಅವರು, "ಬಕೀಟು, ಮಣ್ಣು, ಕಬ್ಬಿಣ ಎಲ್ಲ ಮೆಟೀರಿಯಲ್ಸ್‌ನವರನ್ನ ಕೇಳಬೇಕು. ಒಳಗೆ ಹುಟ್ಟೋ ಗಾಳಿ, ಉಗಿ, ಕಾವು ಕೆಮಿಕಲ್‌ನವರನ್ನ ಕೇಳಬೇಕು" ಅಂದರಂತೆ. ಆವತ್ತು ಮನೆಗೆ ಬಂದು, ನಾನು ಎರಡೂ ಕಡೆ ಕೇಳುತ್ತೇನೆ ಅಂದಳು.

ಸಮುದ್ರದ ಕಡೆಯ ಊರಿನ ಒಂದು ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು. ಮೊದಲು ಒಂದು ಓದು, ಮಾರ್ಕು ಚೆನ್ನಾಗಿ ಬಂದರೆ ಅದರ ಜೊತೆಗೇ ಇನ್ನೊಂದು, ಒಂದು ವರ್ಷ ಹೆಚ್ಚಿಗೆ. ಬಸ್ಸು ಹತ್ತಿಸಲು ನಾವಿಬ್ಬರೂ ಹೋಗಿದ್ದೆವು. ಸುಂಕಮ್ಮ ಕಿಟಕಿಯ ಸರಳು ಹಿಡಿದು ನಿಂತವಳು, ಬಸ್ಸು ಅಲುಗಿದಾಗ ಹೇಳಿದಳು:

"ಓದಿ ಬಂದು, ನಿಮ್ಮಪ್ಪ ಕುಡಿದಿದ್ದಿಲ್ಲ ಅಂತ ಈ ಊರ ಮುಂದ ಹೇಳು. ನನಗ ಮತ್ತೇನೂ ಬ್ಯಾಡ."

ಅಂಜಲಿ ತಲೆ ಆಡಿಸಿದಳು. ಆ ಒಂದು ಮಾತಿನ ಮೇಲೆ ಆಕೆ ಐದು ವರ್ಷ ಅಲ್ಲಿದ್ದಳು.

ಫೋನಿನಲ್ಲಿ ಎಲ್ಲ ಹೇಳುತ್ತಿದ್ದಳು. ಅಲ್ಲಿಯ ಗಾಳಿಗೆ ಉಪ್ಪಂತೆ, ಮಂಚ, ಕಿಟಕಿ, ಕೀಲಿ ಎಲ್ಲ ತುಕ್ಕು ಹಿಡಿಯುತ್ತವಂತೆ. "ಇಲ್ಲಿ ತುಕ್ಕು, ಅಲ್ಲಿ ಕೆಂಪು ಧೂಳು, ಎರಡೂ ಒಂದೇ ಅಜ್ಜಿ, ಕಬ್ಬಿಣ ಮಣ್ಣಾಗೋದು," ಅನ್ನುತ್ತಿದ್ದಳು. ಎರಡು ಓದಿಗೆ ಎರಡು ಕಟ್ಟಡ, ನಡುವೆ ರಸ್ತೆ. ಈ ಕ್ಲಾಸು ಬಿಟ್ಟ ಕೂಡಲೆ ಆ ಕ್ಲಾಸಿಗೆ ಓಡಬೇಕು, ಮಧ್ಯಾಹ್ನದ ಊಟ ಎಷ್ಟೋ ದಿನ ದಾರಿಯಲ್ಲೇ. ಕೆಮಿಕಲ್ ಕಟ್ಟಡದವರು ಇವಳಿಗೆ "ಇಟ್ಟಿಗೆ ಬಂದ್ಲು" ಅನ್ನುತ್ತಿದ್ದರು, ಮೆಟೀರಿಯಲ್ಸ್ ಕಟ್ಟಡದವರು "ಕಷಾಯ ಬಂದ್ಲು" ಅನ್ನುತ್ತಿದ್ದರು.

"ನಿನಗ ಸಿಟ್ಟು ಬರಂಗಿಲ್ಲೇನು?"

"ಬರ್ತೈತಿ ಅಜ್ಜಿ. ಆದ್ರ ಓಡಾಕ ಹೊತ್ತು ಸಾಲಂಗಿಲ್ಲ, ಸಿಟ್ಟು ಯಾವಾಗ ಮಾಡ್ಲಿ?"

ಆಗ ನಗುತ್ತಿದ್ದಳು. ಆ ನಗು ಕಡೆಯ ವರ್ಷದವರೆಗೂ ಇತ್ತು.

ಕಡೆಯ ವರ್ಷ ಪ್ರತಿಯೊಬ್ಬರೂ ಏನಾದರೊಂದು ಮಾಡಿ ತೋರಿಸಬೇಕಂತೆ. ಅಂಜಲಿ ಅಂಗೈಯಗಲದ ಬಟ್ಟಲುಗಳಿಗೆ ಬೆಂಕಿ ಮಣ್ಣು ಮೆತ್ತಿ, ಯಾವುದು ಹೇಗೆ ಒಣಗುತ್ತದೆ, ಒಣಗಿದ್ದಕ್ಕೆ ಮತ್ತೆ ನೀರು ಸೋಕಿದರೆ ಏನಾಗುತ್ತದೆ ಅಂತ ನೋಡುವೆನೆಂದಳು. ಎರಡೂ ಕಟ್ಟಡದ ಮೇಷ್ಟ್ರುಗಳು ಬಂದು ನಿಂತರು. ಆಕೆ ನೀರಿನ ಬದಲು ಹಾಲು ತಂದಿದ್ದಳು. ಒಬ್ಬರು ನಕ್ಕರಂತೆ, "ಏನಮ್ಮಾ, ಪಾಯಸ ಮಾಡ್ತೀಯಾ?" ಅಂತ. ಮೊದಲನೇ ಬಟ್ಟಲಿಗೆ ಹಸಿಯಲ್ಲೇ ಹಾಲೆರೆದು, ಆಮೇಲೆ ಬೆಂಕಿಯಲ್ಲಿ ಒಣಗಿಸಿದ್ದಳು. ಎರಡನೆಯದನ್ನು ಮೊದಲು ಒಣಗಿಸಿ, ಆಮೇಲೆ ಹಾಲೆರೆದು ಬಟ್ಟೆಯಿಂದ ಒರೆಸಿದಳು. ಕಣ್ಣಿಗೆ ಎರಡೂ ಒಣಗಿದ ಹಾಗೇ. ದಪ್ಪ ಗಾಜಿನ ಮರೆಯಿಂದ ಎರಡಕ್ಕೂ ಕರಗಿದ ಲೋಹ ಬಿಟ್ಟಳು. ಮೊದಲನೆಯದರಲ್ಲಿ ಲೋಹ ಸುಮ್ಮನೆ ಕೂತಿತು. ಎರಡನೆಯದರಲ್ಲಿ ಗುಳುಗುಳು ಅಂದು, ಟಪ್ ಅಂತ ಎದ್ದು ಗಾಜಿಗೆ ಬಡಿಯಿತು.

ಮೇಷ್ಟ್ರುಗಳು ಭೇಷ್ ಅಂದರಂತೆ. ಅಂಜಲಿ ಅಲ್ಲಿಂದ ನೇರ ಬಸ್ಸು ಹತ್ತಿ ಊರಿಗೆ ಬಂದಳು.

ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ಬ್ಯಾಗು ಇಳಿಸದೆ ನನ್ನ ಮುಂದೆ ಕೂತಳು. ಅಪ್ಪ ಕುಡಿದಿರಲಿಲ್ಲ, ಅಪ್ಪನ ಕೈ ನಡುಗಿರಲಿಲ್ಲ ಅಂದಳು. ನಾನು ಹೊನ್ನೂರನ ಫೋಟೋ ಕಡೆ ನೋಡಿ ಕೈ ಮುಗಿಯಲು ಹೋದೆ. ಆಕೆ ನನ್ನ ಕೈ ಹಿಡಿದಳು.

"ಅಜ್ಜಿ, ನಾನು ಆವತ್ತು ಹೋದಾಗ ಬಕೀಟು ಒಣಗಿಸೋದು ಮುಗಿದಿತ್ತು. ಭಟ್ಟಿ ಕುದಿಯಾಕತ್ತಿತ್ತು. ಗವಿಸಿದ್ದಪ್ಪ ದೊಡ್ಡಪ್ಪ, 'ಇವತ್ತು ಹಾಲು ಬ್ಯಾಡ ಬಿಡಲೇ, ಹೊತ್ತಾತು' ಅಂದ. ಅಪ್ಪ, 'ಮಗಳು ಬಿಸಿಲಾಗ ತಂದಾಳ, ಹಂಗ ಹೆಂಗ ಕಳಿಸ್ಲಿ' ಅಂತ ಒಂದು ಲೋಟ ಎರೆದ. ಹೆಗಲ ಮ್ಯಾಲಿನ ಟವಲ್ಲಿಲೆ ಒರೆಸಿದ. ನನಗ, 'ಹೋಗವ್ವ, ಗೇಟು ನೋಡ್ಕೊಂಡು ದಾಟು' ಅಂದ. ಹಾಲು ಮಣ್ಣಿನೊಳಗ ಕುಂತಿತ್ತು, ಕಬ್ಬಿಣ ಬಿದ್ದ ಕೂಡ್ಲೆ ಉಗಿಯಾಗಿ ಎದ್ದಿತು, ಅಜ್ಜಿ. ನಾನು ತಂದ ಹಾಲು."

ಅಕ್ಕಿಯ ಮೊರ ಪಕ್ಕಕ್ಕಿಟ್ಟೆ. ಎದುರಿಗೆ ಕೂತವಳು ಕಾಲೇಜಿನ ಹುಡುಗಿ, ನನ್ನ ಕಣ್ಣಿಗೆ ಕಾಣುತ್ತಿದ್ದುದು ಚೊಂಬು ಹಿಡಿದು ಗೇಟಿನಲ್ಲಿ ನಿಂತ ಕೂಸು.

"ಆ ಗೂಡ್ಸು ನಿಂತದ್ದು ನಿನ್ನ ತಪ್ಪೇನು?" ಅಂದೆ.

"ಅಲ್ಲ."

"ಮತ್ತ?"

"ತಪ್ಪಲ್ಲ ಅಂತ ಗೊತ್ತೈತಿ ಅಜ್ಜಿ. ಎರಡೂ ಓದೀನಲ್ಲ. ಆದ್ರ ಚೊಂಬು ನನ್ನ ಕೈಯಾಗ ಇತ್ತು."

ನಾನು ಅವಳ ಗದ್ದ ಹಿಡಿದು ಹೇಳಿದೆ, "ಇದು ನಿನ್ನಲ್ಲೇ ಇರಲಿ. ನಿಮ್ಮವ್ವನಿಗೆ ಹೇಳಬ್ಯಾಡ, ಊರಿಗೂ ಹೇಳಬ್ಯಾಡ. ಹೋದವನು ನನ್ನ ಮಗ. ಅವನಿಗೆ ಇನ್ನ ಯಾರು ಏನಂದ್ರೂ ತಾಗಂಗಿಲ್ಲ. ನೀನು ಬದುಕಬೇಕಾದಾಕಿ." ಅವಳ ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು.

ಅಷ್ಟರಲ್ಲಿ ಸುಂಕಮ್ಮ ತೋಟದಿಂದ ಬಂದಳು. ಸೆರಗಿಗೆಲ್ಲ ಬಾಳೆಯ ಕಲೆ. ಹೇಳದೆ ಕೇಳದೆ ಬಂದ ಮಗಳನ್ನು ನೋಡಿ, ಊಟ ಆಯಿತೇನು ಅಂತ ಕೂಡ ಕೇಳದೆ, ನಿಂತಲ್ಲೇ ಕೇಳಿದಳು:

"ಗೊತ್ತಾತೇನು?"

ಅಂಜಲಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವ್ವನಿಗೆ ಎಲ್ಲ ಹೇಳಿದಳು, ನನಗೆ ಹೇಳಿದ್ದಕ್ಕಿಂತ ನಿಧಾನವಾಗಿ, ಒಂದನ್ನೂ ಬಿಡದೆ.

ಸುಂಕಮ್ಮನ ಮೊದಲನೇ ಮಾತು, "ಹಂಗಾದ್ರ ಕುಡಿದಿದ್ದಿಲ್ಲ." ಅವಳ ಮುಖ ಒಂದು ಗಳಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ದಿನದ ಹಾಗೆ ಅರಳಿತು. ಆಮೇಲೆ ಉಳಿದದ್ದು ಅವಳಿಗೆ ತಲುಪಿತು. ಕಂಬ ಹಿಡಿದು ಕೆಳಗೆ ಕೂತಳು. "ಚೊಂಬಿಗೆ ಹಾಲು ಹಾಕಿ ಕೊಟ್ಟಾಕಿ ನಾನು," ಅಂದಳು. "ಎಲಿ ಮುಚ್ಚಿ ದಾರ ಕಟ್ಟಿದಾಕಿ ನಾನು. ನಿನ್ನ ಹೆಸರು ಎತ್ತಬ್ಯಾಡ ಇದರಾಗ." ಆ ದಿನ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ.

ಮರುದಿನ ಬೆಳಿಗ್ಗೆ ಸುಂಕಮ್ಮ ತಲೆ ಬಾಚಿಕೊಂಡು ಬಾಗಿಲಿಗೆ ಬಂದು ನಿಂತಳು. "ಅತ್ತಿ, ನಡೀರಿ ಕಂಪ್ಲಿಗೆ. ಸುಳ್ಳು ಹೇಳಿದ ಬಾಯಿಂದಲೇ ಖರೆ ಹೇಳಿಸಬೇಕು." ಕಿವಿ ಹೋದ ಮೇಲೆ ಗವಿಸಿದ್ದಪ್ಪ ಕಂಪ್ಲಿಯಲ್ಲಿ ಮಗಳ ಮನೆ ಸೇರಿದ್ದ.

ಅವನು ಓಣಿಯ ಕಟ್ಟೆ ಮೇಲೆ ಕೂತು ಹುರಿ ಹೊಸೆಯುತ್ತಿದ್ದ. ಬಡಕಲಾಗಿದ್ದ, ಕತ್ತಿನ ಮೇಲೆ ಸುಟ್ಟ ಚರ್ಮ ಹೊಳೆಯುತ್ತಿತ್ತು. ಸುಂಕಮ್ಮ ದೂರದಲ್ಲೇ ನಿಂತಳು. ಅಂಜಲಿ ಹತ್ತಿರ ಹೋದಳು.

"ದೊಡ್ಡಪ್ಪ, ನಾನು."

"ಆಂ? ಗ್ಯಾಸು ನಿನ್ನೆ ಬಂತಲ್ಲ."

"ನಾನು ಹೊನ್ನೂರಪ್ಪನ ಮಗಳು!"

"ಜೋರಾಗಿ ಹೇಳವ್ವ, ಕಿವಿ ಸತ್ತಾವ."

"ಹೊನ್ನೂರಪ್ಪನ ಮಗಳು!"

ಅವನ ಕೈಯಲ್ಲಿನ ಹುರಿ ಬಿಚ್ಚಿಕೊಂಡಿತು. ಮಾತು ಗುಟ್ಟಾಗಿ ಆಡುವಂತಿರಲಿಲ್ಲ, ಪಿಸುಗುಟ್ಟಿದರೆ ಅವನಿಗೆ ಮುಟ್ಟುವುದಿಲ್ಲ. ಅಂಜಲಿ ನಡುಬೀದಿಯಲ್ಲಿ ನಿಂತು, ಗಂಟಲು ಕಿತ್ತು ಹೋಗುವ ಹಾಗೆ ಕೂಗಿದಳು:

"ನಮ್ಮಪ್ಪ ಕುಡಿದಿದ್ದಿಲ್ಲ! ಒಣಗಿಸಿದ ಮ್ಯಾಲೆ ಹಾಲು ಎರೆದ್ರಿ! ಹಾಲು ಮಣ್ಣಿನಾಗ ಕುಂತು ಕಬ್ಬಿಣ ಎಬ್ಬಿಸ್ತು! ಆ ಹಾಲು ತಂದಾಕಿ ನಾನು!"

ಬಾಗಿಲು ಬಾಗಿಲಿಗೆ ಜನ ಬಂದರು. ನಮ್ಮ ಓಣಿಯಿಂದ ಅಲ್ಲಿಗೆ ಮದುವೆಯಾಗಿ ಬಂದ ಹೆಂಗಸೊಬ್ಬಳೂ ಇದ್ದಳು, ಸೆರಗು ಬಾಯಿಗಿಟ್ಟು ನಿಂತಿದ್ದಳು. ಗವಿಸಿದ್ದಪ್ಪ ಅಂಜಲಿಯನ್ನು ನೋಡಿದ, ಅವಳ ಕೈಗಳನ್ನು ನೋಡಿದ. ಕಿವುಡರು ಮಾತಾಡುವ ಹಾಗೆ, ತನಗೇ ಕೇಳಿಸಲೆಂಬಂತೆ ದೊಡ್ಡದಾಗಿ ಹೇಳಿದ:

"ಗೊತ್ತೈತವ್ವ. ಬಕೀಟು ಗುಳುಗುಳು ಅಂದಾಗಲೇ ಗೊತ್ತಾತು. ಏನಾತು ಅಂತ ಕೇಳಿದ್ರು. ಹಾಲು ಅಂದ್ರ, ಯಾರು ತಂದ್ರು ಅಂತಿದ್ರು. ಅಷ್ಟು ಸಣ್ಣ ಕೂಸು, ಅಪ್ಪನ್ನ ತಿಂದಾಕಿ ಅಂತ ಹೆಸರಿಡ್ತಿದ್ರು ಊರಾಗ. ಹೊನ್ನೂರ ಹೋಗ್ಯಾನ, ಅವನಿಗೆ ಏನಂದ್ರೂ ತಾಗಂಗಿಲ್ಲ ಅಂದ್ಕೊಂಡೆ. ಕುಡಿದಿದ್ದ ಅಂದೆ. ನೀನು ಈ ಓದಿಗೇ ಹೋಗ್ತಿ ಅಂತ ಯಾರಿಗೆ ಗೊತ್ತಿತ್ತು?"

ಹಿಂದಿನ ದಿನ ಅಂಗಳದಲ್ಲಿ ನಾನು ಆಡಿದ್ದೂ ಅದೇ ಮಾತು.

ಸುಂಕಮ್ಮ ಆಗ ಹತ್ತಿರ ಬಂದಳು. ಅಷ್ಟು ವರ್ಷ ಅವನ ಹೆಸರು ಹಿಡಿದು ಶಾಪ ಹಾಕಿದವಳು, ಅವನ ಮುಂದೆ ನಿಂತು ಮೆಲ್ಲಗೆ ಕೇಳಿದಳು, "ನನಗೊಬ್ಬಾಕಿಗರ ಹೇಳಬಾರದಿತ್ತೇನೋ ಅಣ್ಣ?"

"ಆಂ?" ಅಂದ ಗವಿಸಿದ್ದಪ್ಪ, ಕಿವಿಗೆ ಕೈ ಇಟ್ಟು.

ಸುಂಕಮ್ಮನಿಗೆ ಅದನ್ನು ಕೂಗಲು ಆಗಲಿಲ್ಲ. ಅಂಜಲಿ ತಾನು ಹೇಳಲೇನು ಅಂತ ನೋಡಿದಳು. "ಬ್ಯಾಡ ಬಿಡು," ಅಂದು ಸುಂಕಮ್ಮ ಬಗ್ಗಿ, ಬಿಚ್ಚಿ ಬಿದ್ದ ಹುರಿಯನ್ನು ಎತ್ತಿ ಅವನ ತೊಡೆ ಮೇಲಿಟ್ಟಳು.

ಸುದ್ದಿ ನಮಗಿಂತ ಮೊದಲೇ ಹೊಸಪೇಟೆ ಮುಟ್ಟಿತ್ತು. ಅಲ್ಲಿಂದ ಮುಂದೆ ಯಾರೂ ನಮ್ಮ ಹೊನ್ನೂರನನ್ನು ಕುಡುಕ ಅನ್ನಲಿಲ್ಲ. ನಳದ ಹತ್ತಿರ ಎದುರು ಮನೆಯಾಕೆ ಸುಂಕಮ್ಮನ ಕೊಡ ತಾನೇ ತುಂಬಿ ಎತ್ತಿ ಕೊಟ್ಟಳು. ಸುಂಕಮ್ಮ ಕೇಳಿದ್ದು ಅವಳಿಗೆ ಸಿಕ್ಕಿತು. ಅದರ ಜೊತೆಗೆ ಇನ್ನೊಂದೂ ಬಂತು. ಅಂಜಲಿ ಓಣಿಯಲ್ಲಿ ನಡೆದರೆ ಹೆಂಗಸರು ಮಾತು ನಿಲ್ಲಿಸಿ, "ಪಾಪ" ಅನ್ನುತ್ತಾರೆ. ಕೆಟ್ಟ ಮಾತು ಒಂದೂ ಇಲ್ಲ. ಆದರೂ ಆ ಪಾಪ ಅನ್ನುವ ಮಾತಿಗೆ ಆಕೆ ಹೆಜ್ಜೆ ಬೇಗ ಬೇಗ ಹಾಕುತ್ತಾಳೆ.

ಓದು ಮುಗಿಸಿದಳು. ಎರಡು ಸರ್ಟಿಫಿಕೇಟು ತಂದು ಅಪ್ಪನ ಫೋಟೋದ ಹಿಂದೆ ಇಟ್ಟಳು, ಮುಂದೆ ಇಡಲಿಲ್ಲ. ಈಗ ತೋರಣಗಲ್ಲು ಕಡೆ, ಭಟ್ಟಿಗಳಿಗೂ ಬಕೀಟುಗಳಿಗೂ ಮಣ್ಣು ಮೆತ್ತಿಕೊಡುವ ಒಂದು ಕಂಪನಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಬರುತ್ತದೆ. ಮಣ್ಣಿನ ಕೆಲಸದವರು ಹಾಲೆರೆಯುವ ಪದ್ಧತಿ ಅಲ್ಲೂ ಬಿಟ್ಟಿಲ್ಲವಂತೆ. ಆಕೆ ಅವರಿಗೆ ಬೇಡ ಅನ್ನುವುದಿಲ್ಲ. "ಮೊದಲು ಎರೀರಿ, ಆಮೇಲೆ ಒಣಗಿಸ್ರಿ" ಅನ್ನುತ್ತಾಳಂತೆ. ಒಣಗುವವರೆಗೂ ಅಲ್ಲೇ ನಿಲ್ಲುತ್ತಾಳೆ, ಬಸ್ಸು ತಪ್ಪಿದರೂ ಸರಿ.

ಎಮ್ಮೆ ಈಗ ಇಲ್ಲ. ಹಾಲಿನ ಪಾಕೀಟು ಗೇಟಿನ ಹತ್ತಿರದ ಅಂಗಡಿಯಿಂದ ಬರಬೇಕು. ನನ್ನ ಮೊಣಕಾಲು ಹೋಗಿ ಬಹಳ ದಿನವಾಯಿತು, ಆದರೂ ನಾನೇ ಹೋಗುತ್ತೇನೆ. ಇಲ್ಲವಾದರೆ ಸುಂಕಮ್ಮ ಹೋಗುತ್ತಾಳೆ. ಮನೆಯಲ್ಲಿ ಅಂಜಲಿಯ ಕೈಗೆ ಹಾಲು ಕೊಡಬಾರದೆಂದು ನಾವು ಮಾತಾಡಿಕೊಂಡಿಲ್ಲ. ತಾನಾಗಿಯೇ ಹಾಗಾಗಿದೆ. ಚಹಾಕ್ಕೆ ಹಾಲು ಬೆರೆಸಿಯೇ ಅವಳ ಮುಂದಿಡುತ್ತೇವೆ. ಹಿತ್ತಾಳೆ ಚೊಂಬು ಅಟ್ಟದ ಮೇಲಿದೆ.

ನಿನ್ನೆ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ನಾನು ಗೋಡೆ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದೆ. ಅಂಜಲಿ ಕೆಲಸಕ್ಕೆ ಹೊರಟು ನಿಂತವಳು, "ಕೊಡು ಅಜ್ಜಿ, ಹಾಲು ನಾನು ತರ್ತೀನಿ. ಇನ್ನ ಬಸ್ಸಿಗೆ ಹೊತ್ತೈತಿ," ಅಂತ ಚೀಲಕ್ಕೆ ಕೈ ಚಾಚಿದಳು.

"ಬ್ಯಾಡವ್ವ. ನಡದ್ರ ಮೊಣಕಾಲಿಗೆ ಚಲೋ ಅಂತ ಡಾಕ್ಟ್ರು ಹೇಳ್ಯಾರ."

ಯಾವ ಡಾಕ್ಟರೂ ಹಾಗೆ ಹೇಳಿಲ್ಲ. ಆಕೆ ನನ್ನ ಮುಖ ನೋಡಿದಳು, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ತನ್ನ ಕೊಡೆ ಬಿಡಿಸಿ ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ಬಸ್ಸಿನ ಕಡೆ ನಡೆದಳು.